ಡಿಕಿನ್ಸನ್‌ನಿಂದ ವಿಲಿಸ್ಟನ್‌ಗೆ: ಕಣಿವೆಯನ್ನೂ ನೋಡಿ, ಎಣ್ಣೆ ಬಾವಿಗಳನ್ನೂ ನೋಡಿ

ನಮಸ್ಕಾರ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಅಮೆರಿಕದ ನಾರ್ತ್ ಡಕೋಟ ರಾಜ್ಯದ ಡಿಕಿನ್ಸನ್‌ನಿಂದ ವಿಲಿಸ್ಟನ್‌ಗೆ ಒಂದೇ ದಿನದಲ್ಲಿ ಹೋಗಬೇಕು, ದಾರಿಯಲ್ಲಿ ಎಣ್ಣೆ ಪಂಪುಗಳ ಹೊರತು ನೋಡಲು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ಬೇಕಾದಷ್ಟಿದೆ. ನಾನು ಎರಡು ಬಾರಿ ಹೋಗಿದ್ದೇನೆ. ಆ ಪಂಪುಗಳನ್ನೂ ನಿಧಾನವಾಗಿ ನೋಡಿ ಎಂದೇ ಹೇಳುತ್ತೇನೆ.

ಮೊದಲು ಪಶ್ಚಿಮಕ್ಕೆ ಹೋಗಿ ಪೇಂಟೆಡ್ ಕ್ಯಾನ್ಯನ್ ಎಂಬ ಬಣ್ಣಬಣ್ಣದ ಕಣಿವೆ ನೋಡಿಕೊಂಡು ಬೆಲ್‌ಫೀಲ್ಡ್‌ಗೆ ಹಿಂತಿರುಗಿ, ಅಲ್ಲಿಂದ ಉತ್ತರಕ್ಕೆ 85ನೇ ಹೆದ್ದಾರಿ ಹಿಡಿಯಿರಿ. ಥಿಯೋಡೋರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನದ ಮೆಡೋರಾ ಊರಿನ ಕಡೆಯ ಭಾಗವನ್ನು ಈ ಸಲ ಬಿಡಿ. ಅದರ ಉತ್ತರ ಭಾಗಕ್ಕೆ ಅರ್ಧ ದಿನ ಬೇಕು. ಬೆಲ್‌ಫೀಲ್ಡ್‌ನಿಂದ ಅದು ಸುಮಾರು 50 ಮೈಲಿ. ಡಿಕಿನ್ಸನ್ ಮೌಂಟನ್ ಸಮಯದಲ್ಲಿದೆ, ಉತ್ತರ ಭಾಗ ಸೆಂಟ್ರಲ್ ಸಮಯದಲ್ಲಿದೆ. ದಾರಿಯಲ್ಲೇ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹೊರಡಿ.

ಉದ್ಯಾನದೊಳಗಿನ ರಸ್ತೆ 14 ಮೈಲಿ, ಹೋದ ದಾರಿಯಲ್ಲೇ ವಾಪಸ್ಸು. ಫಿರಂಗಿ ಗುಂಡಿನಂತಹ ದುಂಡು ಕಲ್ಲುಗಳು ಮಣ್ಣಿನ ಗೋಡೆಯಿಂದ ಹೊರಬಂದಿರುವಲ್ಲಿ ನಿಲ್ಲಿಸಿ. ಬೈಸನ್‌ಗಳು ರಸ್ತೆಗೇ ಬರುತ್ತವೆ. 25 ಗಜ ದೂರವಿರಬೇಕು, ಅಪ್ಪನವರು ಫೋಟೊಗೆಂದು ಇಳಿಯದಂತೆ ನೋಡಿಕೊಳ್ಳಿ. ರಸ್ತೆಯ ಕೊನೆಗೆ ಆಕ್ಸ್‌ಬೋ ನೋಟತಾಣ. ಉತ್ತರಕ್ಕೆ ಹರಿಯುತ್ತಿದ್ದ ಲಿಟಲ್ ಮಿಸೌರಿ ನದಿ, ಹಿಮಯುಗದಲ್ಲಿ ಮಂಜುಗಡ್ಡೆಯ ಗೋಡೆ ಅಡ್ಡ ಬಂದಾಗ ಪೂರ್ವಕ್ಕೆ ಹೊರಳಿದ್ದು ಈ ಭಾಗದಲ್ಲಿಯೇ. ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು. ಮಳೆ ಬಿದ್ದಿದ್ದರೆ ಮಾತ್ರ ಕಾಲುದಾರಿಗೆ ಇಳಿಯಬೇಡಿ. ಅಲ್ಲಿನ ಬೆಂಟೊನೈಟ್ ಜೇಡಿ ನಮ್ಮ ಎರೆಮಣ್ಣಿನ ಹಾಗೆಯೇ, ನೆನೆದರೆ ಜಾರುತ್ತದೆ, ಪಾದರಕ್ಷೆಗೆ ಮುದ್ದೆಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ.

ಅಲ್ಲಿಂದ 15 ಮೈಲಿಗೆ ವಾಟ್‌ಫರ್ಡ್ ಸಿಟಿ. 2010ರ ಜನಗಣತಿಯಲ್ಲಿ 1,744 ಜನರಿದ್ದ ಊರು, 2020ರಲ್ಲಿ 6,207. ಸುತ್ತಲೂ ಗೋಧಿ ಹೊಲಗಳ ನಡುವೆ ಏತದಂತೆ ಏರಿಳಿಯುವ ಪಂಪುಗಳು. ಕೆಳಗೆ ಎಣ್ಣೆ ಅಡಗಿರುವ ಬಾಕನ್ ಎಂಬ ಶಿಲಾಪದರದವರೆಗೆ ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಡ್ಡ ಇನ್ನೂ ಅಷ್ಟೇ ದೂರ ಹೋಗಿ, ನೀರು ಮರಳಿನ ಒತ್ತಡದಿಂದ ಬಂಡೆಯನ್ನು ಸೀಳುತ್ತಾರೆ. 2014ರಲ್ಲಿ ಈ ರಾಜ್ಯದ ಉತ್ಪಾದನೆ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್ ದಾಟಿತು. ನಿಮ್ಮ ತಂದೆ ರೈತರೆಂದು ಬರೆದಿದ್ದೀರಿ, ಅವರಿಗೆ ಇದನ್ನು ಹೇಳಿ: ಇಲ್ಲಿ ನೆಲದ ಹಕ್ಕು ಬೇರೆ, ನೆಲದಡಿಯ ಖನಿಜದ ಹಕ್ಕು ಬೇರೆ. ಹಿಂದಿನವರು ಖನಿಜದ ಹಕ್ಕನ್ನು ಉಳಿಸಿಕೊಂಡು ಹೊಲ ಮಾತ್ರ ಮಾರಿದ್ದರೆ, ಇಂದು ಉಳುವವನಿಗೆ ಎಣ್ಣೆಯ ಪಾಲಿಲ್ಲ. ಬೇಲಿಯಾಚೆಯವನು ಶ್ರೀಮಂತ, ಈಚೆಯವನಿಗೆ ಲಾರಿಗಳ ಧೂಳು. ನನ್ನ ಮನಸ್ಸಿಗೆ ಬಹಳ ನಾಟಿದ್ದು ಇದೇ.

ಹೆದ್ದಾರಿಯಲ್ಲಿ ನೀರು, ಮರಳು, ಕಚ್ಚಾ ಎಣ್ಣೆ ಹೊತ್ತ ಲಾರಿಗಳು ಬಿಡುವಿಲ್ಲದೆ ಓಡಾಡುತ್ತವೆ. ಹಗಲಲ್ಲೂ ದೀಪ ಹಾಕಿಕೊಂಡಿರಿ, ಹಿಂದಿಕ್ಕಲು ಅವಸರಪಡಬೇಡಿ. ಕೆಂಪು ಜಲ್ಲಿಯ ಅಡ್ಡರಸ್ತೆಗಳಲ್ಲಿ ಸಿಡಿದ ಕಲ್ಲಿಗೆ ನನ್ನ ಕಾರಿನ ಮುಂಗಾಜು ಬಿರುಕು ಬಿಟ್ಟಿತ್ತು. ಬಾವಿಗಳ ಅಂಗಳದೊಳಗೆ ಹೋಗಲೇಬೇಡಿ, ವಿಷಾನಿಲದ ಅಪಾಯವಿದೆ.

ವಾಟ್‌ಫರ್ಡ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ವಿಲಿಸ್ಟನ್ ಇನ್ನೂ 45 ಮೈಲಿ. ಮುಸ್ಸಂಜೆಯಾದರೆ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಜ್ವಾಲೆ ಕಾಣುತ್ತದೆ. ಎಣ್ಣೆಯೊಂದಿಗೆ ಬರುವ ಅನಿಲವನ್ನು ಸಾಗಿಸಲು ಕೊಳವೆ ಸಾಲದಿದ್ದಾಗ ಹೀಗೆ ಸುಡುತ್ತಾರೆ. ಹತ್ತು ವರ್ಷಗಳ ಹಿಂದಿಗಿಂತ ಈಗ ಬಹಳ ಕಡಿಮೆಯಾಗಿದೆ. ಅಮ್ಮ ಬೆಂಕಿ ಬಿದ್ದಿದೆ ಎಂದು ಗಾಬರಿಯಾಗಬಹುದು, ಮೊದಲೇ ತಿಳಿಸಿಡಿ.