ಚಿಟ್ಟೆ ಪುಸ್ತಕಕ್ಕೆ ಕಾಗದ ಆರಿಸುವ ಮೊದಲು ಅದು ಹೇಗೆ ಬಿಚ್ಚಿಕೊಳ್ಳುತ್ತೆ ನೋಡಿ

ಮೇಡಂ, ನಿಮ್ಮ ಚಿಟ್ಟೆ ಪುಸ್ತಕಕ್ಕೆ ಯಾವ ಕಾಗದ, ಯಾವ ಬೈಂಡಿಂಗ್ ಹಾಕಿಸಲಿ ಅನ್ನುವ ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಇವತ್ತು ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ. ನೀವು ಹೇಳಿದ್ದು: ಎ5 ಅಳತೆ, 116 ಪುಟ, ಸುಮಾರು 40 ಚಿಟ್ಟೆ ಫೋಟೋ, ಉಳಿದದ್ದು ಬರಹ, 300 ಪ್ರತಿ. ನನಗಿಂತ ಮೊದಲು ಉತ್ತರಿಸಿದವರೆಲ್ಲ "ಫೋಟೋ ಇದೆಯಲ್ಲ, 170 ಜಿಎಸ್‌ಎಂ ಗ್ಲಾಸಿ ಆರ್ಟ್ ಪೇಪರ್ ಹಾಕಿ, ಪರ್ಫೆಕ್ಟ್ ಬೈಂಡಿಂಗ್ ಮಾಡಿಸಿ" ಅಂದಿದ್ದಾರೆ. ಗ್ಲಾಸಿ ಆರ್ಟ್ ಪೇಪರ್ ಅಂದರೆ ಲೇಪ ಹಾಕಿ ಹೊಳಪು ಕೊಟ್ಟ ಕಾಗದ, ಜಿಎಸ್‌ಎಂ ಅದರ ತೂಕದ ಅಳತೆ, ಪರ್ಫೆಕ್ಟ್ ಬೈಂಡಿಂಗ್ ಅಂದರೆ ಹಾಳೆಗಳು ಸೇರುವ ಬೆನ್ನಿಗೆ ಬರೀ ಅಂಟು ಹಾಕುವುದು. ನಾನು ಬೇಡ ಅನ್ನುತ್ತೇನೆ. ಅದನ್ನೇ ಮಾಡಿಸಿ ಕೈ ಸುಟ್ಟುಕೊಂಡವನು ನಾನು.

ನನ್ನದು 96 ಪುಟದ ಪುಸ್ತಕ. ಇದೇ 170 ಗ್ಲಾಸಿ, ಇದೇ ಅಂಟು ಬೈಂಡಿಂಗ್. ಬಂಡಲ್ ಬಿಚ್ಚಿದಾಗ ಫೋಟೋಗಳು ಫಳಫಳ ಹೊಳೆಯುತ್ತಿದ್ದವು, ಖುಷಿಯಾಯಿತು. ಓದಲು ಕೂತಾಗ ಗೊತ್ತಾಯಿತು. ಎರಡೂ ಹೆಬ್ಬೆರಳು ಒತ್ತಿ ಹಿಡಿದರೆ ಮಾತ್ರ ಪುಸ್ತಕ ತೆರೆದಿರುತ್ತದೆ. ಒಂದು ಕೈ ಬಿಟ್ಟರೆ ಇಲಿಬೋನಿನ ಹಾಗೆ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಲೈಟ್ ಹಾಕಿ ಓದಿದರೆ ಬಲ್ಬಿನ ಪ್ರತಿಬಿಂಬ ಸರಿಯಾಗಿ ಪ್ಯಾರಾದ ಮಧ್ಯಕ್ಕೇ ಬಂದು ಕೂರುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ ಗೆಳೆಯನೊಬ್ಬ ಫೋನ್ ಮಾಡಿ, "33ನೇ ಪುಟ ನನ್ನ ಕೈಯಲ್ಲಿದೆ, ಪುಸ್ತಕ ಮೇಜಿನ ಮೇಲಿದೆ" ಅಂದ. ಪ್ರೆಸ್‌ನವರ ತಪ್ಪು ಅರ್ಧ ಇತ್ತು. ಕೇಳಬೇಕಾದ ಎರಡು ಪ್ರಶ್ನೆ ಕೇಳದೆ ಆರ್ಡರ್ ಕೊಟ್ಟ ನನ್ನ ತಪ್ಪು ಇನ್ನರ್ಧ.

ಮೊದಲ ಪ್ರಶ್ನೆ ಗ್ರೇನ್, ಅಂದರೆ ಕಾಗದದ ನಾರು ಮಲಗಿರುವ ದಿಕ್ಕು. ಕಾಗದ ಯಂತ್ರದಲ್ಲಿ ಓಡುವಾಗ ಅದರ ನಾರುಗಳು ಜಾಸ್ತಿಯಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಹಾಗಾಗಿ ಪ್ರತಿ ಹಾಳೆಗೂ ಸುಲಭವಾಗಿ ಬಗ್ಗುವ ದಿಕ್ಕು ಒಂದು, ಹಟ ಮಾಡುವ ದಿಕ್ಕು ಒಂದು. ಪುಸ್ತಕದಲ್ಲಿ ಈ ಗ್ರೇನ್ ಬೆನ್ನಿಗೆ ಸಮಾನಾಂತರವಾಗಿ, ಅಂದರೆ ಮೇಲಿಂದ ಕೆಳಕ್ಕೆ ಇರಬೇಕು. ಆಗ ಹಾಳೆ ತಾನಾಗೇ ಬಾಗಿ ಮಲಗುತ್ತದೆ. ಅಡ್ಡ ಇದ್ದರೆ ಪ್ರತಿ ಹಾಳೆಯೂ ಸ್ಪ್ರಿಂಗ್. ಇನ್ನೊಂದು ತೊಂದರೆಯೂ ಇದೆ. ತೇವ ಹೀರಿದಾಗ ನಾರು ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ದಪ್ಪಕ್ಕೆ ಹಿಗ್ಗುತ್ತದೆ. ಗ್ರೇನ್ ಅಡ್ಡ ಇದ್ದರೆ ಆ ಹಿಗ್ಗು ಬೆನ್ನಿನ ಉದ್ದಕ್ಕೆ ಬರುತ್ತದೆ. ಅಲ್ಲಿ ಅಂಟು ಬಿಗಿ ಹಿಡಿದಿರುತ್ತದೆ, ಹಾಗಾಗಿ ಪುಟಗಳು ಬೆನ್ನಿನ ಹತ್ತಿರ ಅಲೆಅಲೆಯಾಗುತ್ತವೆ.

ಪರೀಕ್ಷೆಗೆ ಯಂತ್ರ ಏನೂ ಬೇಡ. ಅದೇ ಕಾಗದದಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ಒಂದರ ಮೇಲೊಂದು ಇಟ್ಟು ತುದಿಯಲ್ಲಿ ಹಿಡಿದು ಗಾಳಿಯಲ್ಲಿ ಚಾಚಿ. ಜೋತು ಬೀಳುವುದು ಅಡ್ಡ ಗ್ರೇನ್, ನೆಟ್ಟಗೆ ನಿಲ್ಲುವುದು ಉದ್ದ ಗ್ರೇನ್. ಹರಿದು ನೋಡಿದರೂ ಗೊತ್ತಾಗುತ್ತದೆ. ಗ್ರೇನ್ ಜೊತೆ ಹರಿದರೆ ಸೀಳು ನೇರ ಹೋಗುತ್ತದೆ, ಅಡ್ಡ ಹರಿದರೆ ಎಲ್ಲೆಲ್ಲೋ ಓಡುತ್ತದೆ.

ನೀವು ಮನೆಯಲ್ಲೇ ಎ4 ಹಾಳೆ ಮಡಚಿ ಮಾದರಿ ಮಾಡುತ್ತಿದ್ದೇನೆ ಅಂದಿರಿ, ಅದು ಸರಿಯಾಗಿ ಮಡಚಿಕೊಳ್ಳುತ್ತಿಲ್ಲ ಅಂತಲೂ ಅಂದಿರಿ. ಕಾರಣ ಇದೇ. ಸಾಮಾನ್ಯವಾಗಿ ಸಿಗುವ ಎ4 ಹಾಳೆಯ ಗ್ರೇನ್ ಉದ್ದಕ್ಕೆ ಇರುತ್ತದೆ. ಅದನ್ನು ಎ5ಗೆ ಮಡಚಿದರೆ ಮಡಿಕೆ ಗ್ರೇನ್‌ಗೆ ಅಡ್ಡ ಬೀಳುತ್ತದೆ. ಉದ್ದ ಗ್ರೇನ್ ಇರುವ ಎ3 ತಂದು ಅರ್ಧಕ್ಕೆ ಕತ್ತರಿಸಿ. ಸಿಗುವ ಎ4 ತುಂಡುಗಳಲ್ಲಿ ಗ್ರೇನ್ ಗಿಡ್ಡ ಬದಿಗೆ ಬಂದಿರುತ್ತದೆ. ಈಗ ಮಡಚಿ ನೋಡಿ, ಕೈಗೇ ವ್ಯತ್ಯಾಸ ತಿಳಿಯುತ್ತದೆ. ಡಿಜಿಟಲ್ ಪ್ರೆಸ್‌ನ ಎಸ್‌ಆರ್‌ಎ3 ಶೀಟಿನಲ್ಲಿ (ಎ3ಗಿಂತ ಸ್ವಲ್ಪ ದೊಡ್ಡ ಹಾಳೆ) ಒಂದು ಬದಿಗೆ ನಾಲ್ಕು ಎ5 ಪುಟ ಕೂರುತ್ತವೆ. ಅಲ್ಲಿ ಉದ್ದ ಗ್ರೇನ್ ಶೀಟೇ ನಿಮಗೆ ಸರಿ. ಎ4 ಪುಸ್ತಕವಾಗಿದ್ದರೆ ಲೆಕ್ಕ ತಿರುಗುಮುರುಗು.

ಎರಡನೇ ಪ್ರಶ್ನೆ ಬೆನ್ನು. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಮಡಿಕೆಗಳನ್ನೆಲ್ಲ ಕೆತ್ತಿ ತೆಗೆದು, ಬಿಡಿ ಹಾಳೆಗಳ ಅಂಚಿಗೆ ಬಿಸಿ ಅಂಟು ಹಾಕುತ್ತಾರೆ. ಅಂಟು ಹಿಡಿಯಬೇಕಾದ್ದು ನಾರನ್ನು. ಆರ್ಟ್ ಪೇಪರಿನಲ್ಲಿ ನಾರಿನ ಮೇಲೆ ಜೇಡಿ ಅಥವಾ ಸುಣ್ಣಕಲ್ಲಿನ ಪುಡಿಯ ಲೇಪ ಇರುತ್ತದಲ್ವಾ, ಅಂಟಿಗೆ ಹಿಡಿತ ಕಡಿಮೆ. ನನ್ನ 33ನೇ ಪುಟ ಉದುರಿದ್ದು ಹೀಗೆ. ಇದೇನೂ ಹೊಸ ಗೋಳಲ್ಲ. 1836ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ಹೊಲಿಗೆ ಬಿಟ್ಟು ಬರೀ ರಬ್ಬರ್ ಅಂಟಿನಲ್ಲಿ ಬೈಂಡ್ ಮಾಡುವುದಕ್ಕೆ ಪೇಟೆಂಟ್ ಪಡೆದ. ಪುಸ್ತಕಗಳು ಚೆನ್ನಾಗಿ ಬಿಚ್ಚಿಕೊಳ್ಳುತ್ತಿದ್ದವು. ಕಾಲ ಕಳೆದಂತೆ ರಬ್ಬರ್ ಒಣಗಿ ಪುಡಿಯಾಯಿತು, ಹಾಳೆಗಳು ಬಿಡಿಬಿಡಿಯಾದವು.

ಈಗಿನ ಅಂಟುಗಳಲ್ಲಿ ಎರಡು ಹೆಸರು ಕೇಳುತ್ತೀರಿ, ಇವಿಎ ಮತ್ತು ಪಿಯುಆರ್. ಇವಿಎ ಮಾಮೂಲಿ ಹಾಟ್ ಮೆಲ್ಟ್, ಬಿಸಿಗೆ ಕರಗಿಸಿ ಹಚ್ಚುವ ಅಂಟು. ಚಳಿಗೆ ಬಿರುಸಾಗಿ ಸೀಳುತ್ತದೆ, ಜಾಸ್ತಿ ಬಿಸಿಗೆ ಮೆತ್ತಗಾಗುತ್ತದೆ. ಪಿಯುಆರ್ ಗಾಳಿಯ ತೇವ ಹೀರಿ ಗಟ್ಟಿಯಾಗುವ ಅಂಟು. ತೆಳುವಾಗಿ ಹಚ್ಚಿದರೂ ಹಿಡಿಯುತ್ತದೆ, ಬೆನ್ನು ಚೆನ್ನಾಗಿ ಬಾಗುತ್ತದೆ, ಕೋಟೆಡ್ (ಲೇಪ ಇರುವ) ಕಾಗದವನ್ನೂ ಬಿಡುವುದಿಲ್ಲ. ಪೂರ್ತಿ ಗಟ್ಟಿಯಾಗಲು ಒಂದು ದಿನವಾದರೂ ಬಿಡಬೇಕು. ಅದೇ ದಿನ ತಂದು ಪುಟ ಎಳೆದು ನೋಡಿ ಬೈಯಬೇಡಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಲಿಗೆ ಹಾಕಿಸುತ್ತೇನೆ. ಫಾರಂಗಳನ್ನು, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚಿ, ಮಡಿಕೆಯ ಮೂಲಕ ದಾರ ಹಾಯಿಸಿ, ಒಂದಕ್ಕೊಂದು ಕಟ್ಟುವುದು. ಸೆಕ್ಷನ್ ಸ್ಟಿಚಿಂಗ್ ಅಂದರೆ ಪ್ರೆಸ್‌ನವರಿಗೆ ಗೊತ್ತಾಗುತ್ತದೆ. "ಸ್ಟಿಚಿಂಗ್" ಅಂತ ಮಾತ್ರ ಹೇಳಿದರೆ ಪಕ್ಕದಿಂದ ಪಿನ್ ಹೊಡೆದು ಕೊಟ್ಟಾರು, ಹುಷಾರು. ಪಕ್ಕದ ಪಿನ್ ಹೊಡೆದ ಪುಸ್ತಕ ಒಳ ಅಂಚಿನವರೆಗೆ ಯಾವತ್ತೂ ತೆರೆದುಕೊಳ್ಳುವುದಿಲ್ಲ. ಸೆಂಟರ್ ಪಿನ್ (ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಿಕೆಯ ಮೇಲೆ ಪಿನ್ ಹೊಡೆಯುವುದು) ಒಳ್ಳೆಯದೇ, ಆದರೆ 116 ಪುಟಕ್ಕೆ ಹೊಟ್ಟೆ ಉಬ್ಬುತ್ತದೆ, ಒಳಗಿನ ಹಾಳೆಗಳು ಹೊರಕ್ಕೆ ತಳ್ಳಿಕೊಂಡು ಬರುತ್ತವೆ. 48 ಪುಟ, ಹೆಚ್ಚೆಂದರೆ 64 ಪುಟದವರೆಗೆ ಸರಿ.

ಫಾರಂ ಅಂದೆ, ಅದಕ್ಕೇ ಪುಟದ ಲೆಕ್ಕಕ್ಕೆ ಬರುತ್ತೇನೆ. ಒಂದು ಫಾರಂ 16 ಪುಟ. ಏಳು ಫಾರಂಗೆ 112. ನಿಮ್ಮದು 116, ಅಂದರೆ ನಾಲ್ಕು ಪುಟಕ್ಕಾಗಿ ಒಂದು ಪುಡಿ ಫಾರಂ, ಅದಕ್ಕೆ ಬೇರೆ ಅಚ್ಚಿನ ಪ್ಲೇಟು, ಬೇರೆ ಮಡಿಕೆ. ಆ ನಾಲ್ಕು ಪುಟ ಹೇಗಾದರೂ ಕಡಿಮೆ ಮಾಡಿ. ಮುನ್ನುಡಿ ಎರಡಿವೆ ಅಂದಿದ್ದಿರಿ, ಸುಮ್ನೆ ಒಂದು ಸಾಕು!

ಈಗ ಕಾಗದ. ಜಿಎಸ್‌ಎಂ ಅನ್ನುವುದು ತೂಕ, ದಪ್ಪ ಅಲ್ಲ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅಂತ. ದಪ್ಪ ತಿಳಿಯಬೇಕಾದರೆ ಬಲ್ಕ್, ಅಂದರೆ ತೂಕಕ್ಕೆ ಹೋಲಿಸಿದರೆ ಕಾಗದ ಎಷ್ಟು ಉಬ್ಬಿದೆ ಅನ್ನುವ ಸಂಖ್ಯೆ ಕೇಳಬೇಕು. ಜಿಎಸ್‌ಎಂ ಅನ್ನು ಬಲ್ಕ್‌ನಿಂದ ಗುಣಿಸಿದರೆ ದಪ್ಪ, ಮಿಲಿಮೀಟರಿನ ಸಾವಿರದ ಒಂದು ಭಾಗವಾದ ಮೈಕ್ರಾನ್‌ನಲ್ಲಿ ಬರುತ್ತದೆ. ಗ್ಲಾಸಿ ಕಾಗದವನ್ನು ರೋಲರ್‌ಗಳ ನಡುವೆ ಒತ್ತಿ ನುಣುಪು ಮಾಡಿರುತ್ತಾರೆ, ಅದರ ಬಲ್ಕ್ 0.75ರ ಆಸುಪಾಸು. ಕೋಟಿಂಗ್ ಇಲ್ಲದ ಮ್ಯಾಪ್‌ಲಿಥೊ ತರಹದ ಕಾಗದದ್ದು 1.3 ಅಂತಿಟ್ಟುಕೊಳ್ಳಿ. ಈಗ ಲೆಕ್ಕ ಹಾಕಿ. 170 ಗ್ಲಾಸಿ ಸುಮಾರು 128 ಮೈಕ್ರಾನ್, 100 ಜಿಎಸ್‌ಎಂ ಅನ್‌ಕೋಟೆಡ್ 130 ಮೈಕ್ರಾನ್. ಕೈಗೆ ಎರಡೂ ಒಂದೇ ದಪ್ಪ! ತೂಕ ನೋಡಿ: 112 ಪುಟ ಅಂದರೆ 56 ಎ5 ಹಾಳೆ. ಅನ್‌ಕೋಟೆಡ್‌ನಲ್ಲಿ 174 ಗ್ರಾಂ, ಗ್ಲಾಸಿಯಲ್ಲಿ 296 ಗ್ರಾಂ, ಮುಖಪುಟ ಬಿಟ್ಟು. 300 ಪ್ರತಿಗೆ 36 ಕೆಜಿಗೂ ಜಾಸ್ತಿ ವ್ಯತ್ಯಾಸ. ಅಂಚೆಯಲ್ಲಿ ಕಳಿಸುವವರು ನೀವೇ ತಾನೇ?

ಹಾಗಂತ ಎಲ್ಲವನ್ನೂ ಅನ್‌ಕೋಟೆಡ್ ಮೇಲೆ ಹಾಕಿ ಅಂತಲೂ ನಾನು ಹೇಳುವುದಿಲ್ಲ. ಚಿಟ್ಟೆಯ ರೆಕ್ಕೆಯ ನೀಲಿ, ಕಿತ್ತಳೆ ಬಣ್ಣಗಳು ಅಲ್ಲಿ ಮಂಕಾಗುತ್ತವೆ. ಇಂಕು ನಾರಿನೊಳಗೆ ಇಳಿದು, ಫೋಟೋ ಮೂಡಿಸುವ ಸಣ್ಣ ಚುಕ್ಕಿ ಹರಡಿಕೊಳ್ಳುತ್ತದೆ. ಫೈಲಿನಲ್ಲಿ 50 ಶೇಕಡಾ ಇರುವ ಛಾಯೆ ಕೋಟೆಡ್ ಮೇಲೆ 64ರ ಸುಮಾರಿಗೆ ಕಾಣುತ್ತದೆ, ಅನ್‌ಕೋಟೆಡ್ ಮೇಲೆ 70ರ ಹತ್ತಿರ ಹೋಗುತ್ತದೆ. ಗುರುತು ಹಿಡಿಯಲಿಕ್ಕೆ ಬಣ್ಣವೇ ಮುಖ್ಯವಾದ ಪುಸ್ತಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಅದಕ್ಕೇ ನನ್ನ ಸಲಹೆ ಹಳೇ ಕಾಲದ್ದು. ಬರಹಕ್ಕೆ ಆರು ಫಾರಂ, 100 ಜಿಎಸ್‌ಎಂ ಅನ್‌ಕೋಟೆಡ್, ಸ್ವಲ್ಪ ಕೆನೆಬಣ್ಣದ ನ್ಯಾಚುರಲ್ ಶೇಡ್. ಫೋಟೋಗಳಿಗೆ ಒಂದೇ ಫಾರಂ, ಲೇಪ ಇದ್ದೂ ಹೊಳಪಿಲ್ಲದ 130 ಜಿಎಸ್‌ಎಂ ಮ್ಯಾಟ್ ಆರ್ಟ್. 16 ಪುಟದಲ್ಲಿ 40 ಫೋಟೋ, ಪುಟಕ್ಕೆ ಎರಡು ಮೂರು ಬರುತ್ತವೆ. ಬರಹದಲ್ಲಿ "ಚಿತ್ರ 12 ನೋಡಿ" ಅಂದರೆ ಆಯಿತು. ಕಲರ್ ಪ್ರಿಂಟಿಂಗ್ ಒಂದೇ ಫಾರಂಗೆ ಸೀಮಿತ, ಉಳಿದ ಆರು ಕಪ್ಪು ಬಣ್ಣದಲ್ಲಿ ಮುಗಿಯುತ್ತವೆ. ಫೋಟೋ ಫಾರಂ ಅನ್ನು ನಡುವೆಯಾದರೂ ಹಾಕಿ, ಕೊನೆಗಾದರೂ ಹಾಕಿ, ನಡುವೆ ಹಾಕುವುದಾದರೆ ಎರಡು ಬರಹದ ಫಾರಂಗಳ ನಡುವಿನ ಸಂದಿಗೇ ಬರಬೇಕು ಅಷ್ಟೇ. ಬೇರೆ ಬೇರೆ ಕಾಗದ ಹೀಗೆ ಸೇರಿಸಲು ಹೊಲಿಗೆಯೇ ಭದ್ರ.

ಫೋಟೋ ಬರಹದ ಪಕ್ಕದಲ್ಲೇ ಇರಬೇಕು ಅಂತ ನಿಮಗೆ ಹಟ ಇದ್ದರೆ ಪೂರ್ತಿ 130 ಮ್ಯಾಟ್ ಆರ್ಟ್ ಮಾಡಿ. 170 ಬೇಡವೇ ಬೇಡ. ಅದನ್ನು 16 ಪುಟದ ಫಾರಂ ಆಗಿ ಮಡಚಿದರೆ ಒಳಮೂಲೆಯಲ್ಲಿ ಸುಕ್ಕು ಬೀಳುತ್ತದೆ.

ಪ್ರಿಂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, 300 ಪ್ರತಿಗೆ ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್ಟೂ ಆಗುತ್ತದೆ, ಪ್ಲೇಟಿಲ್ಲದ ಡಿಜಿಟಲ್ಲೂ ಆಗುತ್ತದೆ. ಎರಡು ಕಡೆಯೂ ವಿಚಾರಿಸಿ. ಡಿಜಿಟಲ್‌ನಲ್ಲಿ ಟೋನರ್ (ಪುಡಿ ಇಂಕು) ಕಾಗದದ ಮೇಲ್ಮೈ ಮೇಲೆ ಪದರವಾಗಿ ಕೂರುತ್ತದೆ, ಮಡಿಕೆಯ ಮೇಲೆ ಗಾಢ ಬಣ್ಣ ಬಂದರೆ ಬಿರುಕು ಬಿಡುತ್ತದೆ. ಹಾಗಾಗಿ ಎರಡು ಪುಟಕ್ಕೆ ಹರಡಿದ ಫೋಟೋ ಇಡಬೇಡಿ. ಆಫ್‌ಸೆಟ್‌ನಲ್ಲಿ ಗಾಢ ಬಣ್ಣದ ಪುಟಗಳು ಒಣಗಲು ಸಮಯ ಕೊಡಿ. ಅವಸರ ಮಾಡಿದರೆ ಎದುರಿನ ಪುಟಕ್ಕೆ ಇಂಕು ಅಂಟುತ್ತದೆ.

ಫೈಲ್ ಕಳಿಸುವಾಗ ಒಂದು ವಿಷಯ ತಪ್ಪದೆ ನೋಡಿ. ಅಕ್ಷರಗಳು ಬರೀ ಕಪ್ಪು ಪ್ಲೇಟಿನಲ್ಲೇ, 100 ಶೇಕಡಾ ಕಪ್ಪಿನಲ್ಲೇ ಇರಬೇಕು. ಕೆಲವು ಸಾಫ್ಟ್‌ವೇರ್‌ಗಳು ಆರ್‌ಜಿಬಿ (ಪರದೆಯ ಬಣ್ಣಪದ್ಧತಿ) ಕಪ್ಪನ್ನು ಅಚ್ಚಿನ ನಾಲ್ಕು ಬಣ್ಣಕ್ಕೂ ಹಂಚಿಬಿಡುತ್ತವೆ. ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ. 10 ಪಾಯಿಂಟ್ ಅಕ್ಷರದ ಕೆಳಗೆ ಕೂರುವ ಒತ್ತಕ್ಷರ ಎಷ್ಟು ಸಣ್ಣದು ನೋಡಿ. "ಷ್ಟ್ರ" ಬರುವ ಒಂದು ಪದವನ್ನು ಭೂತಗನ್ನಡಿಯಲ್ಲಿ ನೋಡಿ, ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಕೊಂಡಿದ್ದರೆ ಒಂದೋ ಇಂಕು ಜಾಸ್ತಿ, ಇಲ್ಲವೇ ಆ ಫಾಂಟ್ ಆ ಕಾಗದಕ್ಕೆ ತೀರಾ ಸಣ್ಣದು. ಪ್ರೂಫ್ ನೋಡುವಾಗ ನಾನು ಮೊದಲು ಹುಡುಕುವುದೇ ಅದನ್ನು.

ಫೋಟೋಗಳು ಮುದ್ರಣದ ಅಳತೆಯಲ್ಲಿ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇರಲಿ, ಅಂಚಿಗೆ ತಾಗುವ ಚಿತ್ರಕ್ಕೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು ಬಿಡಿ. ಆರ್‌ಜಿಬಿಯಿಂದ ಸಿಎಂವೈಕೆಗೆ (ಅಚ್ಚಿನ ನಾಲ್ಕು ಬಣ್ಣಕ್ಕೆ) ಬದಲಿಸುವ ಮೊದಲು ಯಾವ ಐಸಿಸಿ ಪ್ರೊಫೈಲ್ (ಬಣ್ಣ ಬದಲಿಸುವ ಲೆಕ್ಕದ ಫೈಲು) ಅಂತ ಪ್ರೆಸ್‌ನವರನ್ನೇ ಕೇಳಿ. ಕೋಟೆಡ್‌ಗೆ ಬೇರೆ, ಅನ್‌ಕೋಟೆಡ್‌ಗೆ ಬೇರೆ. ಮೊಬೈಲ್ ಪರದೆಯಲ್ಲಿ ಕಾಣುವ ಆ ಹೊಳೆಯುವ ನೀಲಿ ಯಾವ ಕಾಗದದಲ್ಲೂ ಬರುವುದಿಲ್ಲ, ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮುಖಪುಟಕ್ಕೆ 300 ಜಿಎಸ್‌ಎಂ ಬೋರ್ಡ್ ಸಾಕು. ಇಲ್ಲೂ ಗ್ರೇನ್ ಬೆನ್ನಿಗೆ ಸಮಾನಾಂತರ. ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿದಾಗ ಇನ್ನೊಂದು ಬದಿ ಮಾತ್ರ ತೇವ ಹೀರುತ್ತದೆ, ಅದಕ್ಕೇ ಮುಖಪುಟಗಳು ಹಪ್ಪಳದ ಹಾಗೆ ಮುರುಟುವುದು. ಮ್ಯಾಟ್ ಲ್ಯಾಮಿನೇಷನ್ ಚಂದ, ಆದರೆ ಕಡುಕಪ್ಪು ಹಿನ್ನೆಲೆ ಇದ್ದರೆ ಉಗುರು ತಾಗಿದ ಗೆರೆ ಸಹ ಎದ್ದು ಕಾಣುತ್ತದೆ. ನಿಮ್ಮ ಮುಖಪುಟ ತಿಳಿ ಹಸಿರು ಅಂದಿರಲ್ಲ, ತೊಂದರೆಯಿಲ್ಲ. ಬೆನ್ನಿನಿಂದ 6 ಮಿ.ಮೀ. ಬಿಟ್ಟು ಒಂದು ಕ್ರೀಸ್ (ಒತ್ತುಗೆರೆ) ಹಾಕಿಸಿ, ಮುಖಪುಟ ಅಲ್ಲೇ ಮಡಚಿಕೊಳ್ಳುತ್ತದೆ, ಬೆನ್ನಿನ ಮೇಲೆ ಬಿಳಿ ಗೀರು ಬೀಳುವುದಿಲ್ಲ.

ಬೆನ್ನಿನ ಅಗಲ ಆರು ಮತ್ತೊಂದು ಫಾರಂ ಲೆಕ್ಕಕ್ಕೆ 7 ಮಿ.ಮೀ. ಚಿಲ್ಲರೆ ಬರುತ್ತದೆ. ಹೊಲಿಗೆಯ ದಾರ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಬೆನ್ನಿನ ಮೇಲಿನ ಹೆಸರನ್ನು ಲೆಕ್ಕದ ಮೇಲೆ ಕೂರಿಸಬೇಡಿ, ಡಮ್ಮಿ ಅಳೆದು ಕೂರಿಸಿ. ಡಮ್ಮಿ ಅಂದರೆ ಅದೇ ಕಾಗದ, ಅದೇ ಪುಟಸಂಖ್ಯೆ, ಅದೇ ಬೈಂಡಿಂಗ್‌ನ ಖಾಲಿ ಪುಸ್ತಕ. ಆರ್ಡರ್ ಕೊಡುವ ಮೊದಲೇ ಕೇಳಿ, ಕೆಲಸ ಗೊತ್ತಿರುವ ಪ್ರೆಸ್‌ನವರು ಇಲ್ಲ ಅನ್ನುವುದಿಲ್ಲ.

ಡಮ್ಮಿ ಕೈಗೆ ಬಂದ ಮೇಲೆ ನಡುಪುಟ ತೆರೆದು ಮೇಜಿನ ಮೇಲಿಟ್ಟು ಕೈ ಬಿಡಿ. ಮಲಗಿದರೆ ಸರಿ. ನಡುವಿನ ಒಂದೇ ಹಾಳೆ ಹಿಡಿದು ಇಡೀ ಪುಸ್ತಕವನ್ನು ಎತ್ತಿ, ಮೆಲ್ಲಗೆ ಅಲ್ಲಾಡಿಸಿ. ಆಮೇಲೆ ಒಂದು ಹಾಳೆಯ ಕೆಳಗೆ ಅಚ್ಚಾದ ಬೇರೆ ಪುಟ ಇಟ್ಟು ಅಕ್ಷರ ಎಷ್ಟು ತೋರುತ್ತದೆ ನೋಡಿ, ಕಿರಿಕಿರಿ ಆಗುವಷ್ಟು ಕಂಡರೆ ಇನ್ನೂ ಅಪಾರದರ್ಶಕವಾದ ಕಾಗದ ಕೇಳಿ. ಒಂದು ವಾರ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿ. ಗ್ರೇನ್ ಪಟ್ಟಿಗಳ ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ, ಯಾವ ಪಟ್ಟಿ ಯಾವ ದಿಕ್ಕಿಂದ ಕತ್ತರಿಸಿದ್ದು ಅಂತ ಪೆನ್ಸಿಲಿನಲ್ಲಿ ಬರೆದಿಡಿ, ಕತ್ತರಿಸಿದ ಮೇಲೆ ನೆನಪಿರುವುದಿಲ್ಲ.