ಕ್ಲಿಪ್ ತಂತಿ ಕೆನ್ನೆಗೆ ಚುಚ್ಚುತ್ತಿದೆ, ಡಾಕ್ಟರು ಬೇರೆ ಊರಿನಲ್ಲಿದ್ದಾರೆ, ಏನು ಮಾಡಲಿ?

ದಾವಣಗೆರೆಯಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಈಗ ಬೆಂಗಳೂರಿನ ಪಿಜಿಯಲ್ಲಿದ್ದೀರಿ. ಹಿಂದಿನ ದವಡೆ ಹಲ್ಲಿನ ಹತ್ತಿರ ತಂತಿ ಚುಚ್ಚಿ ಕೆನ್ನೆ ಒಳಗೆ ಹುಣ್ಣಾಗಿದೆ. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಇನ್ನೂ ಮೂರು ವಾರವಿದೆ, ರಾತ್ರಿ ಬಸ್ ಹತ್ತಿ ಊರಿಗೆ ಹೋಗಬೇಕಾ ಎಂದು ಕೇಳಿದ್ದೀರಿ. ಜೊತೆಗೆ ನಿಮ್ಮ ರೂಮ್‌ಮೇಟ್ ಅಲೈನರ್ (ಹಲ್ಲು ಸಾಲಿಗೆ ತರಲು ಹಾಕುವ, ಒಂದಾದ ಮೇಲೊಂದು ಸೆಟ್ ಬದಲಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಕಳೆದುಕೊಂಡಿದ್ದಾರೆ ಎಂದೂ ಬರೆದಿದ್ದೀರಿ.

ನಾನು ಆರ್ಥೊಡಾಂಟಿಸ್ಟ್, ಅಂದರೆ ಸೊಟ್ಟ ಹಲ್ಲನ್ನು ಸಾಲಿಗೆ ತರುವ ದಂತವೈದ್ಯ ತಜ್ಞ. ಇಂಥ ಫೋನ್ ನನಗೆ ಹೆಚ್ಚಾಗಿ ಬರುವುದೇ ಹಾಸ್ಟೆಲ್, ಪಿಜಿಗಳಲ್ಲಿ ಇರುವವರಿಂದ. ಬಸ್ ಹತ್ತಬೇಡಿ, ಮೂರು ವಾರ ಸಹಿಸಿಕೊಂಡು ಕೂರಲೂಬೇಡಿ. ಚುಚ್ಚುವ ತಂತಿಯ ತುದಿ ತೆಗೆಯಲು ಕ್ಲಿಪ್ ಹಾಕಿದ ಡಾಕ್ಟರೇ ಆಗಬೇಕೆಂದಿಲ್ಲ. ಸರಿಯಾದ ಕಟ್ಟರ್ ಇರುವ ಯಾವ ದಂತವೈದ್ಯರಾದರೂ ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತಾರೆ.

ಮೊದಲು ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿಯಲ್ಲಿ ಚುಚ್ಚುತ್ತಿರುವುದು ಯಾವುದೆಂದು ನೋಡಿ. ಕೊನೆಯ ಹಲ್ಲಿನ ಟ್ಯೂಬ್‌ನಿಂದ (ತಂತಿ ತೂರಿಸುವ ಸಣ್ಣ ಕೊಳವೆ) ಹಿಂದಕ್ಕೆ ಮುಖ್ಯ ತಂತಿ ಚಾಚಿದೆಯಾ, ಅಥವಾ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಸಣ್ಣ ಬಿಲ್ಲೆ) ಪಕ್ಕದಲ್ಲಿ ಹೊಸೆದು ಮಡಿಸಿದ ಕೂದಲೆಳೆಯಂಥ ಸಣ್ಣ ತಂತಿ ಎದ್ದಿದೆಯಾ? ಸಣ್ಣದಾದರೆ ಕೈ ತೊಳೆದು, ಹೊಸ ಪೆನ್ಸಿಲ್‌ನ ರಬ್ಬರ್ ತುದಿಯಿಂದಲೋ ಒದ್ದೆ ಇಯರ್ ಬಡ್‌ನಿಂದಲೋ ಮೆಲ್ಲಗೆ ಹಲ್ಲಿನ ಕಡೆಗೆ ಒತ್ತಿ ಮಡಿಸಿ. ಅಷ್ಟಕ್ಕೇ ಸರಿಹೋಗುತ್ತದೆ.

ಮುಖ್ಯ ತಂತಿ ಹಿಂದೆ ಚಾಚುವುದಕ್ಕೆ ಸಾಮಾನ್ಯವಾಗಿ ನಿಮ್ಮ ತಪ್ಪಾಗಲಿ ಡಾಕ್ಟರ ತಪ್ಪಾಗಲಿ ಕಾರಣವಲ್ಲ. ಮೊದಲ ತಿಂಗಳುಗಳಲ್ಲಿ ಸೊಟ್ಟ ಹಲ್ಲುಗಳ ನಡುವೆ ಅಂಕುಡೊಂಕಾಗಿ ಹಾದ ತಂತಿ, ಹಲ್ಲು ಸಾಲಿಗೆ ಬಂದ ಹಾಗೆ ನೇರವಾಗುತ್ತದೆ. ಉಳಿದ ಉದ್ದಕ್ಕೆ ಹಿಂದೆ ಹೋಗುವುದು ಬಿಟ್ಟು ಬೇರೆ ದಾರಿಯಿಲ್ಲ. ಹಲ್ಲು ಕೀಳಿಸಿದ ಜಾಗ ಮುಚ್ಚುವಾಗಲೂ ಹೀಗೆಯೇ ಆಗುತ್ತದೆ. ಆದರೆ ಇನ್ನೊಂದು ಸಾಧ್ಯತೆಯಿದೆ, ಅದನ್ನು ತುಂಬಾ ಜನ ಗಮನಿಸುವುದಿಲ್ಲ. ತಂತಿಯೇ ಒಂದು ಕಡೆಗೆ ಜಾರಿ, ಈ ಕಡೆ ಉದ್ದವಾಗಿ ಆ ಕಡೆ ಟ್ಯೂಬ್‌ನಿಂದ ಹೊರಬಿದ್ದಿರಬಹುದು. ಹಾಗಾಗಿ ಇನ್ನೊಂದು ಬದಿಯ ಕೊನೆಯ ಹಲ್ಲನ್ನೂ ನೋಡಿ. ಅಲ್ಲಿ ಟ್ಯೂಬ್ ಖಾಲಿಯಿದ್ದರೆ ಡಾಕ್ಟರಿಗೆ ಫೋನಿನಲ್ಲಿ ಹೇಳಿ. ಹಾಗಾಗಿದ್ದಾಗ ಕತ್ತರಿಸಿಬಿಟ್ಟರೆ ತಂತಿ ಗಿಡ್ಡವಾಗುತ್ತದೆ, ಅದನ್ನು ಮತ್ತೆ ನಡುವಿಗೆ ಸರಿಸಬೇಕು.

ಇವತ್ತು ರಾತ್ರಿಗೆ ವ್ಯಾಕ್ಸ್, ಅಂದರೆ ಕ್ಲಿಪ್‌ಗೆ ಹಚ್ಚುವ ಮೇಣ ಸಾಕು. ಕ್ಲಿಪ್ ಹಾಕಿದ ದಿನ ಕೊಟ್ಟ ಸಣ್ಣ ಡಬ್ಬಿಯಲ್ಲಿ ಇರುತ್ತದೆ. ‘ವ್ಯಾಕ್ಸ್ ನಿಲ್ಲೋದೇ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಒದ್ದೆ ಜಾಗಕ್ಕೆ ಹಚ್ಚಿರುತ್ತಾರೆ. ಹಲ್ಲುಜ್ಜಿ, ಟಿಶ್ಯೂ ಅಥವಾ ಹತ್ತಿಯಿಂದ ಆ ತಂತಿ ಮತ್ತು ಹಲ್ಲನ್ನು ಚೆನ್ನಾಗಿ ಒರೆಸಿ, ಕೆನ್ನೆಯನ್ನು ಬೆರಳಲ್ಲಿ ದೂರ ಹಿಡಿದುಕೊಳ್ಳಿ. ಕಡಲೆಕಾಳಿನಷ್ಟು ವ್ಯಾಕ್ಸ್ ಉಂಡೆ ಮಾಡಿ ತುದಿಯ ಮೇಲಿಟ್ಟು, ತಂತಿಯ ಸುತ್ತ ಅಂಟುವಂತೆ ಒತ್ತಿ. ನಿದ್ದೆಯಲ್ಲಿ ನುಂಗಿದರೂ ತೊಂದರೆಯಿಲ್ಲ. ಊಟಕ್ಕೆ ಮುಂಚೆ ತೆಗೆದು ಆಮೇಲೆ ಹೊಸದು ಹಚ್ಚಿ. ವ್ಯಾಕ್ಸ್ ಮುಗಿದಿದ್ದರೆ ಒದ್ದೆ ಹತ್ತಿಯ ಸಣ್ಣ ತುಂಡು ಎಚ್ಚರವಿರುವಾಗ ಕೆಲಸಕ್ಕೆ ಬರುತ್ತದೆ, ಮಲಗುವಾಗ ಮಾತ್ರ ಬೇಡ.

ನೇಲ್ ಕಟ್ಟರ್‌ನಿಂದ ಕತ್ತರಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ಕೂತು ಆ ಸಾಹಸ ಬೇಡವೆಂದು ಬೇಡಿಕೊಳ್ಳುತ್ತೇನೆ. ದಪ್ಪ ಸ್ಟೀಲ್ ತಂತಿ ಅದಕ್ಕೆ ಬಗ್ಗುವುದಿಲ್ಲ. ಎಳೆದಾಡುವಾಗ ಬ್ರಾಕೆಟ್ ಕಿತ್ತು ಬರುತ್ತದೆ. ತೆಳು ತಂತಿ ತುಂಡಾದರೆ ಚಿಮ್ಮಿ ಗಂಟಲಿಗೆ ಹೋಗಬಹುದು. ನಾವು ಬಳಸುವ ಡಿಸ್ಟಲ್ ಎಂಡ್ ಕಟ್ಟರ್ ಕತ್ತರಿಸಿದ ತುಂಡನ್ನು ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಹತ್ತಿರದ ಡೆಂಟಲ್ ಕ್ಲಿನಿಕ್‌ಗೆ ಹೋಗುವ ಮೊದಲು ಫೋನ್ ಮಾಡಿ, ‘ಡಿಸ್ಟಲ್ ಎಂಡ್ ಕಟ್ಟರ್ ಇದೆಯಾ?’ ಎಂದು ಕೇಳಿ. ಎಲ್ಲರ ಹತ್ತಿರವೂ ಇರುವುದಿಲ್ಲ. ಡೆಂಟಲ್ ಕಾಲೇಜುಗಳ ಆರ್ಥೊಡಾಂಟಿಕ್ಸ್ ವಿಭಾಗದಲ್ಲಿ ಖಂಡಿತ ಇರುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಬಾಯಿಯ ಫೋಟೊ ತೆಗೆದು ದಾವಣಗೆರೆಯ ಡಾಕ್ಟರಿಗೆ ವಾಟ್ಸಾಪ್ ಮಾಡಿ, ಈಗ ಯಾವ ಅಳತೆಯ ತಂತಿ ಹಾಕಿದ್ದಾರೆಂದು ಬರೆಸಿಕೊಳ್ಳಿ. ತಂತಿ ಬದಲಿಸುವ ಪರಿಸ್ಥಿತಿ ಬಂದರೆ ಇಲ್ಲಿಯ ಡಾಕ್ಟರಿಗೆ ಅದು ಬೇಕು. ಬೇರೆ ಡಾಕ್ಟರ ಹತ್ತಿರ ಹೋದರೆ ನಿಮ್ಮ ಡಾಕ್ಟರಿಗೆ ಬೇಜಾರಾಗುತ್ತದೆಂಬ ಸಂಕೋಚ ಬೇಡ. ತಿಂಗಳಿಗೆ ಎರಡು ದಿನ ಮಾತ್ರ ಆರ್ಥೊಡಾಂಟಿಸ್ಟ್ ಬರುವ ಊರುಗಳಲ್ಲಿ ನನ್ನ ರೋಗಿಗಳಿಗೆ ನಾನೇ ಹೀಗೆ ಹೇಳಿ ಕಳಿಸುತ್ತೇನೆ.

ಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿ. ತಂತಿ ಸರಿಯಾದ ಮೇಲೆ ಅದು ತಾನಾಗಿ ಮಾಯುತ್ತದೆ. ಎರಡು ವಾರವಾದರೂ ಮಾಯದಿದ್ದರೆ ತೋರಿಸಿ. ಮನೆಯವರು ಹೇಳುವ ಲವಂಗದ ಎಣ್ಣೆಯನ್ನು ನೇರವಾಗಿ ಹುಣ್ಣಿಗೆ ಹಚ್ಚಬೇಡಿ, ಸುಡುತ್ತದೆ. ಕೋಲಿನ್ ಸ್ಯಾಲಿಸಿಲೇಟ್ ಇರುವ ಬಾಯಿಹುಣ್ಣಿನ ಜೆಲ್ 16 ವರ್ಷದೊಳಗಿನವರಿಗೆ ಬೇಡ. ಟೈಟ್ ಮಾಡಿಸಿದ ಮೇಲಿನ ನೋವು ಬೇರೆ. ಅದು ಕೆಲವು ಗಂಟೆಗಳಲ್ಲಿ ಶುರುವಾಗಿ ಮರುದಿನ ಜೋರಾಗಿ, ವಾರದೊಳಗೆ ಇಳಿಯುತ್ತದೆ. ಪ್ಯಾರಸಿಟಮಾಲ್ ಒಗ್ಗುವವರಿಗೆ ಅದೇ ಸಾಕು. ಆ ದಿನಗಳಿಗೆ ನಮ್ಮ ರಾಗಿಮುದ್ದೆಯಂಥ ಊಟ ಇನ್ನೊಂದಿಲ್ಲ, ಅಗಿಯುವ ಕೆಲಸವೇ ಇಲ್ಲ.

ಬ್ರಾಕೆಟ್ ಕಿತ್ತು ಬಂದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೆ ಯಾವತ್ತಾದರೂ ಆಗಬಹುದು. ಸಂಕ್ರಾಂತಿ ಮುಗಿದ ವಾರ ನಮಗೆ ಇದೇ ಕೆಲಸ. ಎಳ್ಳುಬೆಲ್ಲದಲ್ಲಿನ ಒಣಕೊಬ್ಬರಿ, ಬೆಲ್ಲದ ಅಚ್ಚು, ಆಮೇಲೆ ಕಬ್ಬು. ಉಳಿದ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ಸೀಬೆಕಾಯಿ. ಬ್ರಾಕೆಟ್ ಹಲ್ಲಿನಿಂದ ಬಿಟ್ಟರೂ ಸುತ್ತಲಿನ ಸಣ್ಣ ರಬ್ಬರ್ ಉಂಗುರ ಅದನ್ನು ತಂತಿಯ ಮೇಲೆ ಹಿಡಿದಿರುತ್ತದೆ. ಹಲ್ಲಿಗೆ ಅಂಟದೆ ಮಣಿಯಂತೆ ಅತ್ತಿತ್ತ ಜಾರುತ್ತದೆ. ಕಿತ್ತು ತೆಗೆಯಬೇಡಿ, ವ್ಯಾಕ್ಸ್‌ನಿಂದ ನಿಲ್ಲಿಸಿ ಫೋನ್ ಮಾಡಿ. ಪೂರ್ತಿ ಕೈಗೆ ಬಂದರೆ ಡಬ್ಬಿಯಲ್ಲಿಟ್ಟುಕೊಳ್ಳಿ. ಕೆಲವು ದಿನ ತಡವಾದರೆ ನಷ್ಟವಿಲ್ಲ. ತಿಂಗಳು ಬಿಟ್ಟರೆ ಆ ಹಲ್ಲು ಹಿಂದಕ್ಕೆ ತಿರುಗಿ ಚಿಕಿತ್ಸೆ ಉದ್ದವಾಗುತ್ತದೆ. ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಆ ಅಂಟು ಬಾಯಿಗಲ್ಲ, ಒಸಡು ಸುಡುತ್ತದೆ. ಕೂದಲೆಳೆಯಷ್ಟು ಓರೆಯಾಗಿ ಅಂಟಿದ ಬ್ರಾಕೆಟ್ ಹಲ್ಲನ್ನು ಬೇಡದ ದಿಕ್ಕಿಗೇ ಎಳೆಯುತ್ತದೆ.

ಇಷ್ಟು ಹೊತ್ತು ಹೇಳಿದ ಯಾವುದಕ್ಕೂ ನಡುರಾತ್ರಿ ಆಸ್ಪತ್ರೆಗೆ ಓಡಬೇಕಿಲ್ಲ. ಓಡಲೇಬೇಕಾದವು ಬೇರೆ ಇವೆ. ತುಂಡೊಂದು ಗಂಟಲಿಗೆ ಹೋಗಿ ಕೆಮ್ಮು ನಿಲ್ಲದಿದ್ದರೆ, ಉಸಿರಾಡುವಾಗ ಸದ್ದು ಬಂದರೆ 108ಕ್ಕೆ ಕರೆ ಮಾಡಿ. ಅದು ಶ್ವಾಸಕೋಶದ ದಾರಿ ಹಿಡಿದಿರಬಹುದು. ಹೊಟ್ಟೆಗೆ ಹೋದ ಬ್ರಾಕೆಟ್ ಬಹುತೇಕ ಮಲದಲ್ಲಿ ಹೊರಬರುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಹೊಟ್ಟೆನೋವು, ವಾಂತಿ, ರಕ್ತ ಕಂಡರೆ ಕಾಯಬೇಡಿ. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಅದು ಸೋಂಕು, ಅದೇ ರಾತ್ರಿ ಆಸ್ಪತ್ರೆ. ಬೈಕಿನಿಂದ ಬಿದ್ದು ಅಥವಾ ಆಟದಲ್ಲಿ ಪೆಟ್ಟಾಗಿ ಶಾಶ್ವತ ಹಲ್ಲೇ ಉದುರಿದರೆ, ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ಉಜ್ಜಿ ತೊಳೆಯಬೇಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಉಳಿಯುವ ಅವಕಾಶ ಚೆನ್ನಾಗಿರುತ್ತದೆ. ತಲೆಗೂ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ ಹಲ್ಲಿಗಿಂತ ಮೊದಲು ಅದನ್ನು ನೋಡಿಸಿ.

ಇನ್ನು ನಿಮ್ಮ ರೂಮ್‌ಮೇಟ್. ಅಲೈನರ್ ಕಳೆದದ್ದು ಹೋಟೆಲಿನಲ್ಲಿ ಟಿಶ್ಯೂ ಸುತ್ತಿಟ್ಟೇ ಇರಬೇಕು, ಹೆಚ್ಚಿನವು ಅಲ್ಲೇ ಕಳೆಯುತ್ತವೆ. ಅವರು ಆ ಸೆಟ್ ಹಾಕಿ ಎಷ್ಟು ದಿನವಾಗಿತ್ತು ಎನ್ನುವುದರ ಮೇಲೆ ಉತ್ತರ ನಿಂತಿದೆ. ಅವಧಿ ಮುಗಿಯುತ್ತ ಬಂದಿದ್ದರೆ ಡಾಕ್ಟರು ಸಾಮಾನ್ಯವಾಗಿ ಮುಂದಿನ ಸೆಟ್ ಹಾಕಲು ಹೇಳುತ್ತಾರೆ. ಈಗಷ್ಟೇ ಶುರುಮಾಡಿದ್ದರೆ ಹಿಂದಿನ ಸೆಟ್‌ಗೆ ಮರಳಬೇಕು. ಡಾಕ್ಟರು ಸಿಗುವವರೆಗೆ ಹಿಂದಿನದನ್ನೇ ಹಾಕಿಕೊಂಡಿರಲಿ. ಖಾಲಿ ಬಿಡುವುದೊಂದೇ ತಪ್ಪು ದಾರಿ, ದಿನಕ್ಕೆ 20ರಿಂದ 22 ಗಂಟೆ ಹಿಡಿದಿಡಬೇಕಾದ ಹಲ್ಲುಗಳು ಕೆಲವೇ ದಿನಗಳಲ್ಲಿ ಜಾರುತ್ತವೆ. ಹಳೆಯ ಸೆಟ್ ಎಸೆಯಬೇಡಿ ಎಂದು ನಾವು ಪದೇಪದೇ ಹೇಳುವುದು ಇದಕ್ಕೇ. ಹೊಸ ಸೆಟ್‌ನ ಅಂಚು ಕೆರೆದರೆ ಸ್ವಚ್ಛವಾದ ನೇಲ್ ಫೈಲ್‌ನಿಂದ ಉಜ್ಜಬಹುದು. ಅಲೈನರ್ ಹಿಡಿತಕ್ಕೆಂದು ಹಲ್ಲಿಗಂಟಿಸಿದ ಸಣ್ಣ ಉಬ್ಬು (ಅಟ್ಯಾಚ್‌ಮೆಂಟ್) ಉದುರಿದರೆ ಅಲೈನರ್ ಹಾಕುವುದನ್ನು ನಿಲ್ಲಿಸದೆ ತಿಳಿಸಿದರೆ ಸಾಕು. ಬಿಸಿನೀರಿನಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ.

ಅವರು ಅದನ್ನು ಕ್ಲಿನಿಕ್‌ನಿಂದ ಪಡೆದಿದ್ದಾರಾ, ಆನ್‌ಲೈನ್ ಕಂಪನಿಯಿಂದ ಮನೆಗೆ ತರಿಸಿಕೊಂಡಿದ್ದಾರಾ ಎಂದೂ ಕೇಳಿ. ಅಲೈನರ್‌ಗಳನ್ನು ಮನೆಗೇ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ಮಧ್ಯದಲ್ಲಿದ್ದವರಿಗೆ ಕೇಳುವವರೇ ಇಲ್ಲವಾಯಿತು. ನಿಮ್ಮ ರೂಮ್‌ಮೇಟ್ ಫೈಲ್‌ನಲ್ಲಿ ಒಬ್ಬ ಡಾಕ್ಟರ ಹೆಸರು, ಎತ್ತುವ ಫೋನ್ ನಂಬರ್ ಇಲ್ಲದಿದ್ದರೆ, ಈ ವಾರವೇ ಎಲ್ಲ ಸೆಟ್‌ಗಳನ್ನೂ ತೆಗೆದುಕೊಂಡು ಒಬ್ಬ ಆರ್ಥೊಡಾಂಟಿಸ್ಟ್ ಹತ್ತಿರ ಹೋಗಲಿ.