ವಾರ್ಡೋ ಕಾಲೇಜೋ ಅಂತ ಕೇಳಿದವರಿಗೆ

ಕೋಲಾರದ ನವಜಾತ ಶಿಶು ಘಟಕದಲ್ಲಿ ನರ್ಸ್ ಆಗಿ ಎರಡು ವರ್ಷ ಆಯ್ತು, ಎಂಎಸ್ಸಿ ನರ್ಸಿಂಗ್ ಮಾಡಿ ಲೆಕ್ಚರರ್ ಆಗಲೋ, ವಾರ್ಡಲ್ಲೇ ಇರಲೋ ಅಂತ ಕೇಳಿದ್ದೀರಿ. ನಾನೂ ಇದೇ ಜಿಲ್ಲೆಯಲ್ಲಿ ಹೀಗೇ ತೂಗಿ ನೋಡುತ್ತಾ ಕೂತಿದ್ದವಳು. ಆಮೇಲೆ ನನ್ನ ಎಂಎಸ್ಸಿ ಥೀಸಿಸ್ ಮುಳುಗಿದ್ದೂ ತೂಗೋದರಲ್ಲೇ.

ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಮೈಲಿ ತಾಯಿಯ ಎದೆಗೆ ಒರಗಿಸಿಡೋದು, ಹೆಚ್ಚು ಹೊತ್ತು ಸಿಕ್ಕ ಕೂಸುಗಳ ತೂಕ ಬೇಗ ಏರುತ್ತಾ ಅನ್ನೋದು ನನ್ನ ವಿಷಯ. ತೂಕ ನೋಡೋದು ದಿನದ ಕೆಲಸ, ಅದಕ್ಕೇನು ನಿಯಮ ಅಂದುಕೊಂಡೆ. ಎಲ್ಲ ಕೂಸುಗಳ ಮೊದಲ ತೂಕವನ್ನು ನೈಟ್ ಡ್ಯೂಟಿ ರಿಜಿಸ್ಟರ್‌ನಿಂದ ಬರೆದುಕೊಂಡೆ. ಅದು ಹಾಲಿಗೆ ಮುಂಚೆ ತೂಗಿದ್ದು. ಕೊನೆಯ ತೂಕ ಮಾತ್ರ, ಹಗಲೆಲ್ಲ ತಾಯಿ ಜೊತೆಗಿದ್ದ ಕೂಸುಗಳದ್ದನ್ನು ನಾನೇ ನೋಡಿದೆ, ಹಾಲು ಕುಡಿಸಿದ ಮೇಲೆ. ಉಳಿದವುಗಳದ್ದು ಮತ್ತೆ ರಾತ್ರಿಯದೇ.

ಲೆಕ್ಕ ಹಾಕಿ. 1500 ಗ್ರಾಂ ಕೂಸಿಗೆ ದಿನಕ್ಕೆ ಕೆಜಿಗೆ 150 ಎಂಎಲ್ ಹಾಲು ಅಂದರೆ 225 ಎಂಎಲ್. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಸುಮಾರು 19. ಅದೇ ಕೂಸು ದಿನಕ್ಕೆ ಕೆಜಿಗೆ 15 ಗ್ರಾಂ ಏರಿದರೂ ಸಿಗೋದು 22.5 ಗ್ರಾಂ. ಒಂದು ಸಲದ ಹಾಲು ಹೆಚ್ಚೂಕಡಿಮೆ ಒಂದು ದಿನದ ಬೆಳವಣಿಗೆ! ನನಗೆ ಸಿಕ್ಕ ವ್ಯತ್ಯಾಸವೂ ಅಷ್ಟೇ ಇತ್ತು. 'ಯಾವ ಹೊತ್ತಲ್ಲಿ ತೂಗಿದ್ದು?' ಅಂತ ಗೈಡ್ ಕೇಳಿದಾಗ ಬಾಯಿ ಕಟ್ಟಿತು. ಆರು ತಿಂಗಳ ಕೆಲಸ ಹೋಯ್ತು.

ಸರಿಯಾಗಿ ಮಾಡೋದು ಹೀಗೆ: ಒಂದೇ ಮಷೀನು, ಒಂದೇ ಹೊತ್ತು, ಹಾಲಿಗೆ ಮುಂಚೆ. ಗಟ್ಟಿ ಸಮತಟ್ಟು ಜಾಗದಲ್ಲಿಡಿ, ಫ್ಯಾನ್ ಗಾಳಿಗೆ ಅಂಕಿ ಕುಣಿಯುತ್ತೆ. ಬೆಚ್ಚಗಿನ ಬಟ್ಟೆ ಹಾಸಿ ಸೊನ್ನೆ ಮಾಡಿ, ಕೂಸನ್ನು ಬರಿಮೈಲಿ ಮಲಗಿಸಿ. ಕ್ಯಾನುಲಾಗೆ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಆಸರೆಯಾಗಿ ಕಟ್ಟಿದ ಸ್ಪ್ಲಿಂಟ್ ಪಟ್ಟಿ ಇದ್ದರೆ ಅಂಥದ್ದೇ ಇನ್ನೊಂದನ್ನು ತೂಗಿ ಕಳೆಯಿರಿ. ಎರಡು ಸಲ ನೋಡಿ. 10 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಗಂಟೆ, ಹೆಸರು ಅಲ್ಲೇ ಬರೆಯಿರಿ, ಡ್ಯೂಟಿ ಮುಗಿದ ಮೇಲಲ್ಲ. ಬೆಳಿಗ್ಗೆ ಒಂದು ಕೆಜಿ ತೂಕದ ಬಟ್ಟು ಇಟ್ಟು ಮಷೀನು ಪರೀಕ್ಷಿಸಿ.

ಇನ್ನು ನಿಮ್ಮ ಪ್ರಶ್ನೆ. ವಾರ್ಡೋ ಕಾಲೇಜೋ ಅನ್ನೋದೇ ತಪ್ಪು. ಬ್ರಿಟನ್‌ನಲ್ಲಿ ಕ್ಲಿನಿಕಲ್ ಅಕಾಡೆಮಿಕ್ ನರ್ಸ್ ಅಂತಲೇ ಇದ್ದಾರೆ: ವಾರದಲ್ಲಿ ಕೆಲ ದಿನ ರೋಗಿಗಳ ಹತ್ತಿರ, ಉಳಿದ ದಿನ ಸಂಶೋಧನೆ, ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್ ಫೆಲೋಶಿಪ್ ಕೊಡುತ್ತೆ. ನಮ್ಮಲ್ಲಿ ಆ ದಾರಿ ನಾವೇ ಮಾಡಿಕೊಳ್ಳಬೇಕು. ಎಂಎಸ್ಸಿಗೆ ಹೋಗಿ, ಮಕ್ಕಳ ಆರೋಗ್ಯ ಶುಶ್ರೂಷೆಯನ್ನೇ ತಗೊಳ್ಳಿ, ಆದರೆ ಪಾಠ ಮಾಡೋ ಕಾಲೇಜಿಗೆ ಸ್ವಂತ ಮಕ್ಕಳ ವಾರ್ಡು ಇದೆಯಾ ನೋಡಿ. ಇಲ್ಲದಿದ್ದರೆ ಸಂಬಳ ಹೆಚ್ಚಿದ್ದರೂ ಬೇಡ. ಸಂಶೋಧನೆಗೆ ಅನುಮತಿ ಕೊಡೋ ಎಥಿಕ್ಸ್ ಕಮಿಟಿ ಒಪ್ಪಿಗೆ ಬರೋವರೆಗೆ ಒಂದು ಕೂಸನ್ನೂ ಥೀಸಿಸ್‌ಗೆ ಸೇರಿಸಬೇಡಿ.

ತಾಯಂದಿರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಬಾಣಂತಿಯರು ಮನೆಯಲ್ಲಿ ತೆಲುಗು ಆಡಿದರೂ ಓದಿದ್ದು ಕನ್ನಡ. ಓದಲು ಕನ್ನಡ ಕೊಡಿ, ಬಾಯಲ್ಲಿ ತೆಲುಗಲ್ಲಿ ಹೇಳಿ.